ಕಾಕಾನ ಇಂಗಿನ ಪರೀಕ್ಷೆ

ನಮ್ಮ ಕಾಕಾ ಹುಬ್ಬಳ್ಳಿಯ ಸಕಲ ಡಾಕ್ಟರರಿಗಿಂತ ದೊಡ್ಡವರು. ಇದನ್ನು ಒಪ್ಪದವರು ಡಾಕ್ಟರರು ಮಾತ್ರ! ಕಾಕಾ ಹತ್ತಿ ವ್ಯಾಪಾರಿ. ಮೂಟೆ ಕಟ್ಟಿದ ಅಂಡಿಗೆಯಿಂದ ಒಂದು ಹಿಡಿ ಹತ್ತಿ ಎಳೆದು ಇಡೀ ಅಂಡಿಗೆಯ ಗುಣ ಹೇಳುವವರು ಒಂದು ಚಿಟಿಕೆ ಇಂಗಿನಿಂದ ಮನುಷ್ಯನ ರೋಗ ಹೇಳಲಾರರೆ?

ನಗಬೇಡಿ. ಊರೂರನ್ನೇ ಗುಡಿಸಿದ ಮಾನಮೋಡಿ ಜ್ವರ, ಅದೇ ಹದಿನೆಂಟನೇ ಇಸವಿಯ ಇನ್‌ಫ್ಲುಯೆಂಜಾ, ಬಂದು ಹೋಗಿ ಆಗ ನಾಲ್ಕಾರು ವರ್ಷವಾಗಿತ್ತು. ಹೋಗುವಾಗ ಅದು ಕಾಕಾನ ತಮ್ಮನನ್ನು ಒಯ್ದಿತ್ತು. ಆ ತಮ್ಮ ಮಲಗಿದ ದಿನ "ಯಾಕೋ ಒಗ್ಗರಣಿ ವಾಸನಿನ ಬರವಲ್ದು" ಎಂದಿದ್ದನಂತೆ. ಅಂದಿನಿಂದ ಓಣಿಯಲ್ಲಿ ಯಾರು ಸೀನಿದರೂ ಕಾಕಾ ಬೇರೆ ಓಣಿ ಹಿಡಿಯುತ್ತಿದ್ದರು. ಬಂದವರೆಲ್ಲ ಹೊಸ್ತಿಲಲ್ಲೇ ಇಂಗಿನ ಡಬ್ಬಿ ಮೂಸಬೇಕು. ವಾಸನೆ ಬಂದರೆ ಪಾಸು. ಬಾರದಿದ್ದರೆ ನೆಂಟರು ಹೊರಗಿನ ಕಟ್ಟೆಗೆ, ಮನೆಯವರು ಹಿತ್ತಲ ಕೋಣೆಗೆ!

ನಶ್ಯ ಏರಿಸುವ ಪಕ್ಕದ ಮನೆಯ ಮಾಸ್ತರರು ಪ್ರತಿ ಸಲವೂ ನಪಾಸು. ಗುಂಡುಕಲ್ಲಿನಂತಿದ್ದ ಅವರು ವರ್ಷವೆಲ್ಲ ಕಟ್ಟೆಯ ಮೇಲೇ ಚಹಾ ಕುಡಿದರು. ಗದಗಿನ ಬೀಗರಿಗಾದರೋ ಮೈ ಕೆಂಡ! "ಭಾರಿ ಘಮಾ ಘಮಾ ಐತಿ ಬಿಡ್ರಿ" ಎಂದು ಪಾಸಾಗಿ ಒಳಬಂದವರು, ಹೋಳಿಗೆ ಉಂಡು, ಮನೆಮಂದಿಗೆಲ್ಲ ಜ್ವರ ಹಂಚಿ ಹೋದರು.

ನಾವೆಲ್ಲ ಒಬ್ಬೊಬ್ಬರಾಗಿ ಎದ್ದೆವು. ಕಾಕಿ ಮಾತ್ರ ಏಳಲಿಲ್ಲ. ಕೆಮ್ಮು ಎದೆಗೆ ಇಳಿಯಿತು. ಕಾಕಾ ಇಂಗಿನ ಡಬ್ಬಿ ತಂದು ಅವಳ ಮೂಗಿಗೆ ಹಿಡಿದರು.

"ಮೂಸು. ಬಂತಿಲ್ಲೊ?"

"ಇಲ್ರೀ."

"ಜೋರ ಎಳ್ಕೊ."

"ಏನೂ ಬರವಲ್ದು."

ಇಡೀ ಮನೆ ಇಂಗು ನಾರುತ್ತಿತ್ತು. ಕಾಕಾ ಮಾತ್ರ "ಸುಳ್ಳ ಇಂಗಿದು! ಅಂಗಡಿಯಾಂವ ಕಲಬೆರಕಿ ಮಾಡ್ಯಾನ!" ಎಂದು ಕೂಗಿದರು. ನಮಗೆ ಮೊದಲ ಬಾರಿಗೆ ನಿಜವಾಗಿ ಭಯವಾಯಿತು.

ಎಂದೂ ಹೊಸ್ತಿಲು ತುಳಿಯಗೊಡದ ಡಾಕ್ಟರರನ್ನು ಕಾಕಾ ತಾವೇ ಓಡಿಹೋಗಿ ಕರೆತಂದರು. ಅವರು ಎದೆಗೆ ನಳಿಗೆ ಇಟ್ಟು ನೋಡಿ ನಿಟ್ಟುಸಿರು ಬಿಟ್ಟರು.

"ಮೂಗು ಕಟ್ಟಿದ್ರ ಯಾರಿಗೂ ವಾಸನಿ ಬರೂದಿಲ್ರಿ, ಸಾವಕಾರ್ರ. ಇದು ಬರೇ ನೆಗಡಿ ಜ್ವರನೋ, ಮಾನಮೋಡಿನೋ, ಇವತ್ತ ಹೇಳಾಕ ನನ್ನ ಹತ್ರನೂ ಪರೀಕ್ಷಾ ಇಲ್ಲ. ಹಿತ್ತಲ ಕೋಣ್ಯಾಗ ಮಲಗಸ್ರಿ. ಯಾರೂ ಹತ್ರ ಹೋಗಬ್ಯಾಡ್ರಿ. ಕಾಯೂದೊಂದ ದಾರಿ."

ಸೀನಿಗೆ ಹೆದರಿ ಓಣಿ ಬದಲಿಸುತ್ತಿದ್ದ ಕಾಕಾ ತಮ್ಮ ಹಾಸಿಗೆಯ ಸುರುಳಿ ಹೊತ್ತು ಸೀದಾ ಕಾಕಿಯನ್ನು ಮಲಗಿಸಿದ ಹಿತ್ತಲ ಕೋಣೆಗೆ ನಡೆದರು. ಕಾಕಿ ಗಾಬರಿಯಾಗಿ ಕೈ ಅಡ್ಡ ಹಿಡಿದಳು.

"ದೂರ ಹೋಗ್ರಿ! ನಿಮಗೂ ಹತ್ತತೈತಿ."

ಅತ್ತು ಅತ್ತು ಕಾಕಾನ ಮೂಗು ಕಟ್ಟಿಹೋಗಿತ್ತು. ಅವರು ಡಬ್ಬಿಯನ್ನು ತಮ್ಮ ಮೂಗಿಗೇ ಹಿಡಿದರು.

"ನನಗೂ ಬರವಲ್ದು ನೋಡ. ನಾನೂ ನಪಾಸು" ಎಂದು ಅವಳ ಪಕ್ಕದಲ್ಲೇ ಹಾಸಿಗೆ ಬಿಡಿಸಿದರು.