ಲಾರ್ನ್ ಟ್ಯಾಕಬೆರಿಯ ಸ್ವದೇಶಿ ಒಣದ್ರಾಕ್ಷಿ

ಮೂವತ್ತನಾಲ್ಕು ವರ್ಷದ ದಾಂಪತ್ಯದಲ್ಲಿ ಲಾರ್ನ್ ಟ್ಯಾಕಬೆರಿ ದಿನಸಿ ಅಂಗಡಿಯ ಹೊಸ್ತಿಲು ತುಳಿದವನಲ್ಲ. ಹೆಂಡತಿ ವರ್ನಾ ಒಳಗೆ ಸಾಮಾನು ಕೊಳ್ಳುವಾಗ ಅವನು ಹೊರಗೆ ಕಾರಿನಲ್ಲಿ ಕೂತು ರೇಡಿಯೋ ಹಾಕಿಕೊಂಡು ತೂಕಡಿಸುವುದು ಆ ಮನೆಯ ಸಂಪ್ರದಾಯ. ಅಂಥವನು, ತನ್ನ ದೇಶ ಕೆನಡಾದ ಸರಕಿನ ಮೇಲೆ ಅಮೆರಿಕದವರು ಸುಂಕ ಹೇರಿದರೆಂಬ ಸುದ್ದಿ ಬಂದ ಮರುದಿನವೇ ಭೂತಗನ್ನಡಿಯೊಂದನ್ನು ಜೇಬಿಗಿಳಿಸಿ, ತಳ್ಳುಗಾಡಿಯನ್ನು ವರ್ನಾಳ ಕೈಯಿಂದ ಕಿತ್ತುಕೊಂಡು ಮುಂದೆ ನಡೆದ.

ಅಲ್ಲಿಗೆ ವರ್ನಾಳ ನೆಮ್ಮದಿಗೆ ಎಳ್ಳುನೀರು ಬಿಟ್ಟಂತಾಯಿತು. ಮುಕ್ಕಾಲು ಗಂಟೆಯ ಕೆಲಸಕ್ಕೆ ಮೂರು ಗಂಟೆ. ಕಿತ್ತಳೆ ರಸ ಫ್ಲೋರಿಡಾದ್ದು, ಬೇಡ. ಸೊಪ್ಪು ಕ್ಯಾಲಿಫೋರ್ನಿಯಾದ್ದು, ಬೇಡ. ಅಮೆರಿಕದ ಡಬ್ಬಿ ಕಣ್ಣಿಗೆ ಬಿದ್ದರೆ ಅದನ್ನು ತಲೆಕೆಳಗು ಮಾಡಿ ಇಡುವನು, ಹಿಂದೆ ಬರುವವರಿಗೆ ತಿಳಿಯಲಿ ಎಂದು. (ಊರಿನ ಅರ್ಧ ಜನ ಇದನ್ನೇ ಮಾಡುತ್ತಿದ್ದರು. ಅಂಗಡಿಯ ಹುಡುಗಿಯರು ಅವನ್ನೆಲ್ಲ ಮತ್ತೆ ನೆಟ್ಟಗೆ ಮಾಡುತ್ತಿದ್ದರು. ಹೀಗೆ ಎಲ್ಲರಿಗೂ ಕೈತುಂಬ ಕೆಲಸ.) ಗುರುತಿಲ್ಲದ ಹೆಂಗಸರು ಬಂದು, ಈ ಬಿಸ್ಕತ್ತು ನಮ್ಮದೋ ಅವರದೋ ಎಂದು ಲಾರ್ನನನ್ನು ಕೇಳತೊಡಗಿದರು. ಅಂಚೆ ಹಂಚಿ ನಿವೃತ್ತನಾದ ಮನುಷ್ಯ. ಅವನನ್ನು ಯಾರಾದರೂ ಏನಾದರೂ ಕೇಳಿ ಎಷ್ಟು ಕಾಲವಾಗಿತ್ತೋ ಪಾಪ. ಎದೆ ಎರಡಂಗುಲ ಅಗಲವಾಯಿತು. ಮನೆಯಲ್ಲಿ ಮಾತ್ರ ಫೆಬ್ರವರಿಯಿಂದ ಜೂನ್ ತನಕ ಊರಲ್ಲೇ ಬೆಳೆದ ಟರ್ನಿಪ್ ಗಡ್ಡೆ ಬೆಂದಿತು, ಹುರಿಸಿಕೊಂಡಿತು, ಹಿಸುಕಿಸಿಕೊಂಡಿತು.

ವರ್ನಾ ಇದನ್ನೆಲ್ಲ ಸಹಿಸಿಕೊಂಡಳು. ಅವಳಿಗೂ ಸುಂಕದ ಮೇಲೆ ಸಿಟ್ಟಿತ್ತು. ಗಂಡನ ಭೂತಗನ್ನಡಿಯ ಮೇಲೆ ಅದಕ್ಕಿಂತ ಸ್ವಲ್ಪ ಹೆಚ್ಚಿತ್ತು, ಅಷ್ಟೇ.

ಆದರೆ ವರ್ನಾಳ ನಿಜವಾದ ಸಂಕಟ ಬೇರೆಯೇ. ಪ್ರತಿ ಸೆಪ್ಟೆಂಬರಿನಲ್ಲಿ ಊರಿನ ಸಭಾಭವನದಲ್ಲಿ ಬೆಣ್ಣೆ ಟಾರ್ಟಿನ ಸ್ಪರ್ಧೆ. ಅಂಗೈಯಗಲದ ಹಿಟ್ಟಿನ ಬಟ್ಟಲು, ಒಳಗೆ ಬೆಣ್ಣೆ, ಕಂದು ಸಕ್ಕರೆ, ಮೊಟ್ಟೆ ಸೇರಿ ತಳತಳ ಎನ್ನುವ ಪಾಕ. ಅದಕ್ಕೆ ಒಣದ್ರಾಕ್ಷಿ ಹಾಕಬೇಕೋ ಬೇಡವೋ ಎಂಬ ಬಗ್ಗೆ ಈ ದೇಶದಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟದ್ದುಂಟು. ಲಾರ್ನನ ಮನೆಯಲ್ಲಿ ಆ ಪ್ರಶ್ನೆಯೇ ಇಲ್ಲ. ಅವನ ಸ್ವರ್ಗಸ್ಥ ತಾಯಿ ಹಿಡಿ ತುಂಬ ಹಾಕುತ್ತಿದ್ದಳು, ಆದ್ದರಿಂದ ವರ್ನಾಳೂ ಹಿಡಿ ತುಂಬ ಹಾಕಬೇಕು. ಹಾಗೆ ಹಾಕಿ ಹಾಕಿ ವರ್ನಾ ಸತತ ಒಂಬತ್ತು ವರ್ಷ ಎರಡನೆಯವಳಾಗಿದ್ದಳು. ಒಂಬತ್ತು ವರ್ಷವೂ ಮೊದಲನೆಯವಳು ಎದುರುಮನೆಯ ಇರ್ಮಾ ಕೌಲ್ಟರ್, ಅಕ್ರೋಟಿನಂಥ ಪೀಕಾನ್ ಬೀಜ ಹಾಕಿದ ಟಾರ್ಟಿನಿಂದ. ಪ್ರತಿ ವರ್ಷ ಮನೆಗೆ ಬಂದು ವರ್ನಾ ಟಾರ್ಟಿನ ತಟ್ಟೆ ತೊಳೆಯುತ್ತಿದ್ದಳು. ಆ ತಟ್ಟೆ ತೊಳೆಯುವ ಸದ್ದು ಕೇಳಲಾರದೆ ಲಾರ್ನ್ ರೇಡಿಯೋ ಜೋರು ಮಾಡುತ್ತಿದ್ದ. ಸಾಯುವುದರೊಳಗೆ ಹೆಂಡತಿ ಒಮ್ಮೆ ಗೆಲ್ಲುವುದನ್ನು ನೋಡಬೇಕೆಂಬುದೇ ಅವನ ಆಸೆ.

ಆಗಸ್ಟ್‌ನ ಒಂದು ಬೆಳಿಗ್ಗೆ ಅಂಗಡಿಯಲ್ಲಿ ಪೀಕಾನ್ ಪೊಟ್ಟಣದ ಹಿಂಬದಿಗೆ ಭೂತಗನ್ನಡಿ ಹಿಡಿದವನೇ ಲಾರ್ನ್ ನಿಂತಲ್ಲೇ ಕುಣಿದ. ಪೀಕಾನ್ ಬೀಜ ಅಮೆರಿಕದ್ದು! ದೇಶಸೇವೆ ಮತ್ತು ಪತ್ನಿಸೇವೆ ಒಂದೇ ಕಲ್ಲಿಗೆ ಉದುರುವ ಎರಡು ಹಣ್ಣುಗಳಾಗಿ ಅವನ ಕಣ್ಣಮುಂದೆ ತೂಗಾಡಿದವು.

ಸ್ಪರ್ಧೆಯ ಸಮಿತಿ ಸಭೆಯಲ್ಲಿ ಎದ್ದು ನಿಂತು ಅವನು ಮಾಡಿದ ಭಾಷಣವನ್ನು ಊರು ಈಗಲೂ ನೆನೆಯುತ್ತದೆ. ನಮ್ಮ ನೆಲದಲ್ಲಿ ಬೆಳೆಯುವ ಪದಾರ್ಥ ನಮ್ಮ ನೆಲದ್ದೇ ಆಗಿರತಕ್ಕದ್ದು, ಬೆಳೆಯದ ಪದಾರ್ಥ ಎಲ್ಲಿಯದಾದರೂ ಆಗಲಿ, ಅಮೆರಿಕದ್ದು ಮಾತ್ರ ಆಗಿರತಕ್ಕದ್ದಲ್ಲ. (ಎರಡನೆಯ ಷರತ್ತು ಪೀಕಾನಿಗೆ. ಮೊದಲನೆಯದು ಭಾಷಣದ ಬಿಸಿಯಲ್ಲಿ ಬಾಯಿಗೆ ತಾನಾಗಿ ಬಂದದ್ದು.) ಸಭೆಗೆ ಸಭೆಯೇ ಎದ್ದು ಚಪ್ಪಾಳೆ ತಟ್ಟಿ ಅದನ್ನೇ ಸ್ಪರ್ಧೆಯ ನಿಯಮ ಮಾಡಿತು. ಇರ್ಮಾಳೂ ಎದ್ದು ತಟ್ಟಿದಳು. ಚಪ್ಪಾಳೆ ನಿಂತ ಮೇಲೆ ತಣ್ಣಗೆ ಕೇಳಿದಳು.

"ದ್ರಾಕ್ಷಿ ನಮ್ಮ ನಯಾಗರಾದಲ್ಲೇ ಬೆಳೆಯುತ್ತಲ್ಲ ಲಾರ್ನ್. ಹಾಗಾದ್ರೆ ಒಣದ್ರಾಕ್ಷೀನೂ ನಮ್ಮದೇ ಆಗಿರ್ಬೇಕು, ಅಲ್ವಾ?"

ತನ್ನ ಬಾಣ ತನಗೇ ತಿರುಗಿತೆಂದು ಲಾರ್ನನಿಗೆ ಹೊಳೆಯಿತು. ಆದರೆ ಅಷ್ಟು ಜನರೆದುರು ದೇಶಭಕ್ತ ಹಿಂದೆಗೆದರೆ ಹೇಗೆ? ಹೌದೆಂದು ತಲೆ ಆಡಿಸಿದ.

ಊರಲ್ಲಿದ್ದ ಒಣದ್ರಾಕ್ಷಿಯೆಲ್ಲ ಒಂದೋ ಕ್ಯಾಲಿಫೋರ್ನಿಯಾದ್ದು, ಇಲ್ಲವೇ ಟರ್ಕಿಯದ್ದು. ಸ್ವದೇಶಿ ಒಣದ್ರಾಕ್ಷಿ ಬೇಕೆಂದರೆ ಅಂಗಡಿಯವನು ಇವನನ್ನು ಕರುಣೆಯಿಂದ ನೋಡಿದ. ಇರ್ಮಾ ಆಗಲೇ ಪೀಕಾನ್ ಬಿಟ್ಟು ಕೆನಡಾದ್ದೇ ಆದ ಒಂಟಾರಿಯೋದ ತೋಟವೊಂದರಿಂದ ಹೇಜಲ್‌ ಬೀಜ ತರಿಸಿದಳೆಂಬ ಸುದ್ದಿ ಬಂತು.

"ದ್ರಾಕ್ಷಿ ಇಲ್ದೆ ಮಾಡ್ತೀನಿ ಬಿಡು," ಎಂದಳು ವರ್ನಾ.

ಲಾರ್ನ್ ಕಿವಿ ಮುಚ್ಚಿಕೊಂಡ. ದ್ರಾಕ್ಷಿಯಿಲ್ಲದ ಟಾರ್ಟ್ ಎಂದರೆ ತಾಯಿಗೆ ಮಾಡುವ ದ್ರೋಹ, ಮೇಲಾಗಿ ಸೋಲು ಖಂಡಿತ. ತಾನೇ ಒಣಗಿಸುತ್ತೇನೆಂದು ಹೇಳಿ ನಯಾಗರಾದ ಬೀಜವಿಲ್ಲದ ಕಪ್ಪು ದ್ರಾಕ್ಷಿ ಮೂರು ಬುಟ್ಟಿ ತಂದ. ಒಲೆಯ ಹತ್ತಿರ ವರ್ನಾ ಬಿಟ್ಟುಕೊಳ್ಳಲಿಲ್ಲ. ಅಂಗಳದಲ್ಲಿ ಹರಡಿದರೆ ಮೊದಲ ದಿನವೇ ಕಸದ ಡಬ್ಬಿ ಕೆದಕುವ ರಕೂನುಗಳು ಸಂಸಾರಸಮೇತ ಬಂದು ಒಂದು ಬುಟ್ಟಿ ಮುಗಿಸಿದವು. ಉಳಿದದ್ದನ್ನು ಕಿಟಕಿಯ ಹಳೆಯ ಸೊಳ್ಳೆಪರದೆಗಳ ಮೇಲೆ ಹರಡಿ ಕಾರಿನ ಹಿಂದಿನ ಸೀಟಿನಲ್ಲಿಟ್ಟು, ಗಾಜು ಏರಿಸಿ, ಬಿಸಿಲಿಗೆ ನಿಲ್ಲಿಸಿದ. ಆಹಾ, ಎಂಥ ಉಪಾಯ ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಐದನೆಯ ದಿನ ಅದೇ ಕಾರಿನಲ್ಲಿ ಹಾಲು ತರಲು ಹೊರಟವನನ್ನು ಹೆದ್ದಾರಿಯಲ್ಲಿ ಪೊಲೀಸರು ತಡೆದರು. ಗಾಜು ಇಳಿಸಿದ್ದೇ ತಡ, ಹುಳಿಬಂದ ದ್ರಾಕ್ಷಿಯ ಘಮಲು ಹೊರಗೆ ನುಗ್ಗಿ ಆ ತರುಣ ಅಧಿಕಾರಿ ಎರಡು ಹೆಜ್ಜೆ ಹಿಂದೆ ಸರಿದ. ಲಾರ್ನ್ ಸುಂಕದಿಂದ ಆರಂಭಿಸಿ ಇರ್ಮಾಳವರೆಗೆ ಎಲ್ಲವನ್ನೂ ವಿವರಿಸಿದ. ಅಧಿಕಾರಿ ಯಂತ್ರ ಊದಿಸಿದ, ಅಂಕಿ ನೋಡಿದ, ಮತ್ತೊಮ್ಮೆ ಊದಿಸಿದ.

"ಕುಡಿದಿಲ್ಲ ಅಂತ ತೋರಿಸ್ತಿದೆ ಸರ್," ಎಂದ ಕೊನೆಗೆ. "ಕುಡಿದಿದ್ರೆ ನಂಗೆ ಅರ್ಥ ಆಗ್ತಿತ್ತು."

ಸ್ಪರ್ಧೆಯ ಹಿಂದಿನ ದಿನ ಮಧ್ಯಾಹ್ನ ಸೊಳ್ಳೆಪರದೆಗಳು ಅಡುಗೆಮನೆಗೆ ಬಂದವು. ಅರ್ಧಕ್ಕೆ ಬೂಷ್ಟು, ಉಳಿದರ್ಧ ದ್ರಾಕ್ಷಿಯೂ ಅಲ್ಲ, ಒಣದ್ರಾಕ್ಷಿಯೂ ಅಲ್ಲ. ವರ್ನಾ ಒಂದನ್ನು ಎತ್ತಿ ನೋಡಿ, ಇದನ್ನು ಮನುಷ್ಯರಿಗೆ ಕೊಡಲಾರೆ ಎಂದು ಪರದೆಸಮೇತ ಹೊರಗೆ ಹಾಕಿಸಿದಳು. (ರಕೂನುಗಳೂ ಮುಟ್ಟಲಿಲ್ಲ.)

ಲಾರ್ನ್ ಕೈ ಕೈ ಹಿಸುಕಿಕೊಂಡ. ನಡುಮನೆಯಲ್ಲಿ ನಾಲ್ಕು ಸುತ್ತು ಹಾಕಿದ. ಆಮೇಲೆ ಗ್ಯಾರೇಜಿಗೆ ಹೋಗಿ, ಬಣ್ಣದ ಡಬ್ಬಿಗಳ ಹಿಂದೆ ಕೈ ತೂರಿಸಿ, ಅಂಗಿಯೊಳಗೆ ಏನನ್ನೋ ಅಡಗಿಸಿಕೊಂಡು ಬಂದು ಮೇಜಿನ ಮೇಲಿಟ್ಟ. ಕ್ಯಾಲಿಫೋರ್ನಿಯಾದ ಒಣದ್ರಾಕ್ಷಿ, ದೊಡ್ಡ ಪೊಟ್ಟಣ, ಬಾಯಿ ತೆರೆದದ್ದು, ಮುಕ್ಕಾಲು ಖಾಲಿಯಾದದ್ದು.

"ಸುಂಕಕ್ಕೆ ಮುಂಚೆ ನೀನೇ ತಂದಿದ್ದು," ಎಂದ ನೆಲ ನೋಡುತ್ತಾ. "ಯಾರಿಗೆ ಗೊತ್ತಾಗುತ್ತೆ?"

ವರ್ನಾ ಪೊಟ್ಟಣವನ್ನೂ ನೋಡಿದಳು, ಗಂಡನನ್ನೂ ನೋಡಿದಳು.

"ನಂಗೆ ಟರ್ನಿಪ್ ತಿನ್ನಿಸಿ ನೀನು ಗ್ಯಾರೇಜಲ್ಲಿ ನಿಂತು ಇದನ್ನ ತಿಂತಿದ್ಯಾ?"

ವರ್ನಾ ಪೊಟ್ಟಣವನ್ನು ಕಪಾಟಿನ ಮೇಲ್ತುದಿಯಲ್ಲಿ ತಲೆಕೆಳಗು ಮಾಡಿ ಇಟ್ಟಳು. ಅವನನ್ನು ಅಡುಗೆಮನೆಯಿಂದ ಹೊರಗೆ ದಬ್ಬಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಅವಳು ಸಣ್ಣಗೆ ಹಾಡಿಕೊಳ್ಳುತ್ತಿರುವುದು ಕೇಳಿಸಿತು. ದುಃಖಕ್ಕೆ ತಲೆ ಕೆಟ್ಟಿತೇನೋ ಎಂದು ಲಾರ್ನ್ ಹೆದರಿದ.

ಮರುದಿನ ಸಭಾಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೋಡೆ ತುಂಬ ಕೆಂಪು ಬಿಳಿ ಬಾವುಟ. ತೀರ್ಪುಗಾರ ಪಕ್ಕದ ಊರಿನ ಬೇಕರಿಯ ಮುದುಕ ಫೆರ್ನಾಂಡ್. ಹತ್ತು ವರ್ಷದಿಂದಲೂ ಅವನೇ. ಇರ್ಮಾಳ ಹೇಜಲ್ ಟಾರ್ಟ್ ತಿಂದು ತಲೆದೂಗಿದ. ವರ್ನಾಳ ಬೋಳು ಟಾರ್ಟ್ ಕಚ್ಚಿದಾಗ ಪಾಕ ಗಲ್ಲದ ಮೇಲೆ ಇಳಿಯಿತು. ಒರೆಸಿಕೊಳ್ಳಲಿಲ್ಲ. ಪೂರ್ತಿ ತಿಂದ. ನಿಯಮ ಮೀರಿ ಇನ್ನೊಂದನ್ನು ಎತ್ತಿಕೊಂಡ.

ಮೊದಲ ಬಹುಮಾನ ವರ್ನಾ ಟ್ಯಾಕಬೆರಿಗೆ!

ಲಾರ್ನ್ ಕುರ್ಚಿಯ ಮೇಲೆ ಹತ್ತಿ ಕೂಗಿದ. ಕಣ್ಣಲ್ಲಿ ನೀರು ಬಂತು, ಬಂದರೆ ಬರಲಿ ಎಂದುಕೊಂಡ. ಅಕ್ಕಪಕ್ಕದವರು ಅವನ ಕೈ ಕುಲುಕಿದರು. ನಿಯಮ ತಂದವನು ನೀನೇ, ಗೆಲ್ಲಿಸಿದವನೂ ನೀನೇ ಎಂದರು. ಅವನು ಹಿಗ್ಗಿ ಹೀರೆಕಾಯಿಯಾದ.

ಫೆರ್ನಾಂಡ್ ಮೈಕು ಹಿಡಿದು ವರ್ನಾಳ ಕಡೆ ತಿರುಗಿದ. "ಇಂಥ ಪಾಕ ಈ ಜಿಲ್ಲೇಲೇ ನಾನು ತಿಂದಿಲ್ಲಮ್ಮ. ಒಂಬತ್ತು ವರ್ಷ ಆ ದ್ರಾಕ್ಷಿಗಳ ಅಡಿಯಲ್ಲಿ ಯಾಕೆ ಹೂತಿಟ್ಟಿದ್ದೆ?"

ವರ್ನಾ ಕೆಂಪೇರಿದಳು. ಮೈಕಿನ ಹತ್ತಿರ ಬಂದಳು.

"ನಂಗೆ ದ್ರಾಕ್ಷಿ ಯಾವತ್ತೂ ಸೇರ್ತಿರ್ಲಿಲ್ಲ," ಎಂದಳು. "ಅವನಿಗೆ ಇಷ್ಟ ಅಂತ ಹಾಕ್ತಿದ್ದೆ."

ಜನ ನಗುವುದೋ ಬಿಡುವುದೋ ತಿಳಿಯದೆ ಲಾರ್ನನತ್ತ ತಿರುಗಿದರು. ಅವನು ಇನ್ನೂ ಕುರ್ಚಿಯ ಮೇಲೆಯೇ ನಿಂತಿದ್ದ, ಎಲ್ಲರಿಗೂ ಚೆನ್ನಾಗಿ ಕಾಣುವಂತೆ. ಮೆಲ್ಲಗೆ ಇಳಿದ. ಇಳಿಯುವಷ್ಟರಲ್ಲಿ ಇರ್ಮಾ ಬಂದು ಅವನ ಎರಡೂ ಕೈಗಳನ್ನು ಹಿಡಿದುಕೊಂಡಳು. ಅವಳ ಮುಖದಲ್ಲಿ ಕುಹಕದ ಸುಳಿವೂ ಇರಲಿಲ್ಲ.

"ಒಂಬತ್ತು ವರ್ಷ ಗೆಲ್ಲಿಸಿದ್ದು ನನ್ನ ಪೀಕಾನ್ ಅಂತ ಅಂದ್ಕೊಂಡಿದ್ದೆ ಲಾರ್ನ್," ಎಂದಳು. "ನಿನಗೊಂದು ಥ್ಯಾಂಕ್ಸ್ ಹೇಳೋದು ಬಾಕಿ ಇತ್ತು ನೋಡು."