ಅಳಿಸಬೇಡಿ ಭಾವ, ಬರ್ತಾ ಇದೀನಿ

ವೈರಸ್ಸಿಗಿಂತ ವೈರಸ್ಸಿನ ಭಯವೇ ಹೆಚ್ಚು ಫೈಲುಗಳನ್ನು ತಿಂದಿದೆ ಎಂಬುದು ನನ್ನ ನಂಬಿಕೆ. ಅದನ್ನು ಗಟ್ಟಿ ಮಾಡುವಂಥದ್ದು ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ. ತೊಂಬತ್ತರ ದಶಕದಲ್ಲಿ ಶಿಕಾರಿಪುರದ ಬಸ್‌ಸ್ಟ್ಯಾಂಡ್ ಹತ್ತಿರ, ಲಗ್ನಪತ್ರಿಕೆ, ಕರಪತ್ರ ಟೈಪು ಮಾಡಿಕೊಡುವ ನನ್ನದೊಂದು ಡಿಟಿಪಿ ಅಂಗಡಿ ಇತ್ತು. ಸೊರಬದಲ್ಲಿ ನನ್ನ ಅಕ್ಕನ ಗಂಡ, ಅಂದರೆ ಭಾವನದ್ದು ಅಂಥದೇ ಇನ್ನೊಂದು. ಕಂಪ್ಯೂಟರಿನಲ್ಲಿ ವಿಚಿತ್ರವಾದದ್ದೇನಾದರೂ ಕಂಡರೆ ನನಗೆ ಅದೇನೆಂದು ತಿಳಿಯುವ ಚಪಲ, ಭಾವನಿಗೆ ಅಳಿಸುವ ಚಪಲ. ಅದಕ್ಕೇ ಅವರಿಗೆ ಒಂದು ಮಂತ್ರ ಹೇಳಿಕೊಟ್ಟಿದ್ದೆ: ಮೊದಲು ಬೇರೆ ಫ್ಲಾಪಿಗೆ ನಕಲು, ಆಮೇಲೆ ಪರೀಕ್ಷೆ, ಅಳಿಸುವುದು ಕಟ್ಟಕಡೆಗೆ.

೧. ಚೀಟಿ

ಆಗಿನ ದೊಡ್ಡ ಫ್ಲಾಪಿಯ ಅಂಚಿನಲ್ಲಿ ಸಣ್ಣದೊಂದು ಕಚ್ಚು ಇರುತ್ತಿತ್ತು. ಅದರ ಮೇಲೆ ಚೀಟಿ ಅಂಟಿಸಿದರೆ ಒಳಗಿರುವುದನ್ನು ಓದಬಹುದು, ಹೊಸದಾಗಿ ಏನೂ ಬರೆಯಲಾಗದು. ವೈರಸ್ಸಿಗೂ ಒಳಗೆ ನುಸುಳಲು ದಾರಿಯಿಲ್ಲ. ವೈರಸ್ ಹುಡುಕುವ ಪ್ರೋಗ್ರಾಮನ್ನು ಹಾಗೆ ಚೀಟಿ ಅಂಟಿಸಿ ಭಾವನಿಗೆ ಕೊಟ್ಟೆ.

ಮೂರನೇ ದಿನ ಫೋನು. “ನೀ ಕೊಟ್ಟ ಫ್ಲಾಪಿ ಸರಿ ಇರಲಿಲ್ಲ ಮಾರಾಯ. ಎಂತದೋ ಚೀಟಿ ಅಂಟ್ಕಂಡಿತ್ತು, ಬರಿಯಕ್ಕೇ ಬಿಡ್ತಿರಲಿಲ್ಲ. ಕಿತ್ತು ಹಾಕ್ದೆ ನೋಡು, ಈಗ ಫಸ್ಟ್ ಕ್ಲಾಸ್!”

ಆ ವಾರವೇ ಶಿಕಾರಿಪುರಕ್ಕೆ ಬಂದು ಅದೇ ಫ್ಲಾಪಿಯನ್ನು ನನ್ನ ಕಂಪ್ಯೂಟರಿಗೂ ತೂರಿಸಿದರು. ಸೊರಬದ ವೈರಸ್ಸು ಟಿಕೆಟ್ ಇಲ್ಲದೆ ಬಂದಿಳಿಯಿತು. ಕರೆತಂದವರಿಗೆ ನಾನೇ ಟೀ ಕುಡಿಸಿದೆ.

೨. ಇಬ್ಬರು ಪೊಲೀಸರು

ಒಂದು ಪ್ರೋಗ್ರಾಮು ಸಾಲದೆಂದು ಭಾವ ಶಿವಮೊಗ್ಗದಿಂದ ಇನ್ನೊಂದು ತಂದರು. ಹೊಸದು ಹಳೆಯದನ್ನು ವೈರಸ್ ಅಂದಿತು. ಗಾಬರಿಯಾಗಿ ಹಳೆಯದನ್ನು ಚಾಲೂ ಮಾಡಿ ನೋಡಿದರೆ, ಅದು ಹೊಸದನ್ನೇ ವೈರಸ್ ಅಂದಿತು.

“ಯಾವುದನ್ನ ಅಳಿಸ್ಲಿ? ಬೇಗ ಹೇಳು!” ಭಾವನ ಫೋನು.

ನನಗೆ ಕುತೂಹಲ ತಡೆಯಲಾಗಲಿಲ್ಲ, ನಕಲು ತರಿಸಿಕೊಂಡು ನೋಡಿದೆ. ವೈರಸ್ಸುಗಳ ಗುರುತು ಹಿಡಿಯಲು ಎರಡೂ ತಮ್ಮೊಳಗೆ ಅವುಗಳ ಚಹರೆ ಇಟ್ಟುಕೊಂಡಿದ್ದವು. “ಇಬ್ಬರೂ ಪೊಲೀಸರೇ ಭಾವ. ಒಬ್ಬರ ಜೇಬಲ್ಲಿರೋ ಕಳ್ಳರ ಫೋಟೋ ನೋಡಿ ಇನ್ನೊಬ್ಬರು ಹಿಡೀತಿದಾರೆ ಅಷ್ಟೇ,” ಎಂದೆ.

ಭಾವ ಅಂದರು, “ಅದಕ್ಕೇ ಮತ್ತೆ, ಅಷ್ಟು ಹೊತ್ತಿಗೆ ಕಳ್ಳ ನನ್ನ ಲಗ್ನಪತ್ರಿಕೆ ಫೈಲನ್ನೆಲ್ಲ ಮುಗ್ಸಿದಾನೆ!”

೩. ಗದ್ದೆಯ ಹೆಸರು

ಬಳ್ಳಿಗಾವಿಯ ನಿವೃತ್ತ ಮೇಷ್ಟ್ರೊಬ್ಬರು ಆರು ವರ್ಷ ಊರೂರು ತಿರುಗಿ, ಗದ್ದೆಗಳ ಹೆಸರು, ಆ ಹೆಸರು ಬಂದ ಕಥೆಗಳನ್ನು ಕಲೆಹಾಕಿದ್ದರು. ಟೈಪು ಮಾಡಿದ್ದು ನಾನೇ. ಆಮೇಲೆ ಅವರ ಕೈಬರಹಕ್ಕೆ ಗೆದ್ದಲು ಹಿಡಿಯಿತು. ನನ್ನ ಹಾರ್ಡ್‌ಡಿಸ್ಕನ್ನು, ಭಾವ ಕರೆತಂದ ವೈರಸ್ಸಿನ ದಯೆಯಿಂದ, ನಾನೇ ಪೂರ್ತಿ ಒರೆಸಬೇಕಾಯಿತು. ಉಳಿದದ್ದು ಮೇಷ್ಟ್ರ ಕೈಯಲ್ಲಿದ್ದ ಒಂದು ಫ್ಲಾಪಿ. ಅದನ್ನು ಅವರು ಪ್ರಿಂಟಿಗೆಂದು ಸೊರಬಕ್ಕೆ ಒಯ್ದರು, ಲೇಸರ್ ಪ್ರಿಂಟರ್ ಇದ್ದದ್ದು ಭಾವನ ಹತ್ತಿರ.

ಬೆಳಿಗ್ಗೆ ಹನ್ನೊಂದಕ್ಕೆ ಮೇಷ್ಟ್ರ ಫೋನು. “ರೀ, ಒಂದಕ್ಷರ ಕನ್ನಡ ಉಳಿದಿಲ್ಲ ನೋಡ್ರೀ. ಬರೇ ಸೊಟ್ಟ ಇಂಗ್ಲಿಷು, ಡಾಲರು, ಚುಕ್ಕಿ. ವೈರಸ್ ಬಡದೈತಿ, ಬ್ಯಾರೆದಕ್ಕೂ ಹತ್ತತೈತಿ, ಅಳಸ್ತೀನಿ ಅಂತಾರ ನಿಮ್ಮ ಭಾವ!”

“ಅಳಿಸಬೇಡಿ ಭಾವ, ಬರ್ತಾ ಇದೀನಿ! ಮೊದಲು ನಕಲು ತೆಗೀರಿ!” ಎಂದು ಭಾವನಿಗೂ ಕೇಳುವಂತೆ ಫೋನಿನಲ್ಲೇ ಕೂಗಿ ಬಸ್ಸು ಹತ್ತಿದೆ. ಶಿರಾಳಕೊಪ್ಪದಲ್ಲಿ ಡ್ರೈವರು ಊಟಕ್ಕೆ ಇಳಿದಾಗ ನನಗೆ ಅಳುವೇ ಬಂತು.

ಹೋಗಿ ನೋಡಿದರೆ ವೈರಸ್ಸೂ ಇಲ್ಲ, ಏನೂ ಇಲ್ಲ. ನನ್ನ ಕನ್ನಡ ಫಾಂಟು ಭಾವನ ಕಂಪ್ಯೂಟರಿನಲ್ಲಿ ಇರಲಿಲ್ಲ, ಅಷ್ಟೇ. ಫಾಂಟು ಹಾಕಿದೊಡನೆ ಹುಣಸೆಗುಂಡಿ, ಅಜ್ಜಿಪಾಲು, ಬಸವಿಮಡು ಎಲ್ಲ ಸಾಲಾಗಿ ಎದ್ದು ಬಂದವು. ಮೇಷ್ಟ್ರು ಕಣ್ಣೊರೆಸಿಕೊಂಡರು. ನಾನು ಬೀಗುತ್ತಾ, “ಏನೆಂದು ತಿಳಿಯದೆ ಯಾವುದನ್ನೂ ಅಳಿಸಬಾರದು,” ಎಂದು ಭಾವನಿಗೆ ಪಾಠ ಹೇಳಿದೆ. ಹೇಳುತ್ತಲೇ ಫೈಲಿನ ಮೇಲೆ ಕಣ್ಣೋಡಿಸಿ, ಅಲ್ಲಿ ಇಲ್ಲಿ ಸರಿಮಾಡಿ, ಉಳಿಸಿ, ಪ್ರಿಂಟು ಕೊಟ್ಟೆ.

ಮೇಷ್ಟ್ರು ಹಾಳೆ ತಿರುವುತ್ತಾ ತಟ್ಟನೆ ನಿಂತರು. “ಟುರ್ರಬುಡ್ಕ ಎಲ್ಲೈತ್ರೀ?”

“ಅದಾ ಮೇಷ್ಟ್ರೇ? ಫಾಂಟು ಹಾಕಿದ ಮೇಲೂ ಅಲ್ಲೊಂದು ಕಸ ಉಳ್ಕೊಂಡಿತ್ತು. ಆ ಪ್ಯಾರಾನೇ ತೆಗೆದೆ.”

“ಕಸ ಅಲ್ರೀ, ಗದ್ದೆ! ತೊಗರ್ಸಿ ಕಡೇದು. ಗಾಡಿ ಟುರ್ರ್ ಅಂತ ಜಾರಿ ಬುಡ್ಕ್ ಅಂತ ಹೂತ್ಕೊಳ್ಳೋ ಜಾಗ. ಕಥಿ ಹೇಳಿದ ಅಜ್ಜ ತೀರ್ಕೊಂಡು ಎರಡು ವರ್ಷ ಆತು!”

ಹಿಂದೆ ಅದನ್ನು ಟೈಪು ಮಾಡಿದ್ದು ನಾನೇ, ಮರೆತೇಬಿಟ್ಟಿದ್ದೆ. ಒಂದೇ ಒಂದು ಫ್ಲಾಪಿ, ತಿದ್ದಿದ್ದನ್ನು ಅದರ ಮೇಲೆಯೇ ಉಳಿಸಿದ್ದೆ. ಮೇಷ್ಟ್ರ ಮುಖ ನೋಡಲಾಗದೆ ತಲೆ ತಗ್ಗಿಸಿ ಕೂತೆ.

ಭಾವ ಎದ್ದು, ಮೇಜಿನ ಖಾನೆ ಎಳೆದು, ಇನ್ನೊಂದು ಫ್ಲಾಪಿ ತೆಗೆದು ನನ್ನ ಮುಂದೆ ಇಟ್ಟರು. ಫೋನಿನಲ್ಲಿ ನಾನು ಕೂಗಿದ್ದಕ್ಕೆ ತೆಗೆದಿಟ್ಟ ನಕಲು. ಅದರ ಕಚ್ಚಿನ ಮೇಲೆ ಲಗ್ನಪತ್ರಿಕೆಯ ಚೂರೊಂದನ್ನು ಗೋಂದು ಹಚ್ಚಿ ನೀಟಾಗಿ ಅಂಟಿಸಿದ್ದರು.

“ತಗ,” ಎಂದರು ಭಾವ. “ಚೀಟಿ ಮಾತ್ರ ಕೀಳ್ಬೇಡ ಮಾರಾಯ.”