ಕಾಕನ ಬಿಳಿ ಕಪ್ಪೆಗಳು

ನಮ್ಮ ಕಾಕನಿಗೆ ಈ ಲೋಕದಲ್ಲಿ ಇರುವುದು ಒಂದೇ ಒಂದು ವೈರಿ. ಅದಕ್ಕೆ ಕೈಕಾಲಿಲ್ಲ, ಬಣ್ಣವಿಲ್ಲ, ರುಚಿಯಿಲ್ಲ. ಆದರೂ ಬಾಗಿಲ ಸಂದಿಯಲ್ಲಿ ನುಸುಳುತ್ತದೆ, ಗೋಡೆಯೊಳಗೆ ಅಡಗಿ ಕೂರುತ್ತದೆ, ಮನೆಯವರು ಊರಿಗೆ ಹೋದದ್ದನ್ನು ಹೇಗೋ ತಿಳಿದುಕೊಂಡು ಹೊರಬರುತ್ತದೆ. ನೀರು ಸ್ವಾಮಿ, ನೀರು! ಕುಡಿಯುವ ಮೊದಲು ಕೂಡ ಲೋಟದ ತಳಕ್ಕೆ ಒಮ್ಮೆ ಕೈಯಾಡಿಸಿ, ಸೋರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡೇ ಕುಡಿಯುವ ಮನುಷ್ಯನನ್ನು ನೀವೆಲ್ಲಾದರೂ ನೋಡಿದ್ದೀರಾ? ತಾಂಡೂರಿಗೆ ಬನ್ನಿ, ತೋರಿಸುತ್ತೇನೆ.

ಕಾಕ ಅಂದರೆ ನಮ್ಮ ಅಪ್ಪನ ತಮ್ಮ. ತಾಂಡೂರಿನಲ್ಲಿ ಹಾಸುಗಲ್ಲಿನ ವ್ಯಾಪಾರಿ. ಅಂಗಡಿಯ ಹಿಂದಿನ ಓಣಿಯಲ್ಲೇ ಮನೆ. ಮನೆಯ ನೆಲಕ್ಕೆ ತಾನೇ ಒಂದೊಂದಾಗಿ ಆರಿಸಿ ತಂದ ನೀಲಿ ಕಲ್ಲು ಹಾಕಿಸಿದ್ದಾನೆ. ಅದರ ಮೇಲೆ ಯಾರಾದರೂ ಚಪ್ಪಲಿ ಹಾಕಿಕೊಂಡು ನಡೆದರೆ ಅವನ ಎದೆಯ ಮೇಲೇ ನಡೆದಂತೆ!

ಕೆಲವು ವರ್ಷಗಳ ಹಿಂದೆ ಕಾಕ-ಕಾಕಿ ಇಬ್ಬರೂ ಒಂದು ತೊಟ್ಟಿಲ ಕಾರ್ಯಕ್ಕೆಂದು ಸಿರ್ಗಾಪುರಕ್ಕೆ ಹೋಗಿದ್ದರು. ಇತ್ತ ಬಟ್ಟೆ ಒಗೆಯುವ ಮಶೀನಿನ ಹಿಂದಿನ ಪೈಪು ಬಿರಿಯಿತು. ಅವರು ವಾಪಸು ಬಂದು ಬಾಗಿಲು ತೆರೆದಾಗ ಮನೆಯೊಳಗೆ ಒಂದು ಸಣ್ಣ ಕೆರೆಯಿತ್ತು. ಪ್ಲೈವುಡ್ಡಿನ ಮಂಚ ಬೋಂಡಾದಂತೆ ಉಬ್ಬಿತ್ತು. ಅಲಮಾರಿಯ ಕೆಳಗಿನ ಖಾನೆಯಲ್ಲಿದ್ದ ಕಾಕಿಯ ಮದುವೆಯ ಸೀರೆ ಬಣ್ಣವೆಲ್ಲ ಬಿಟ್ಟು, ಪಕ್ಕದ ಬಿಳಿ ಧೋತರಗಳಿಗೂ ಹಂಚಿತ್ತು. ಕಾಕ ಮೊಣಕಾಲೂರಿ ನೆಲ ಒರೆಸಿ ನೋಡಿ ಸಮಾಧಾನದಿಂದ ಹೇಳಿದ:

"ನೋಡಿಲ್ಲಿ, ಕಲ್ಲಿಗಿ ಏನೂ ಆಗಿಲ್ಲ!"

"ಹಂಗಾರ ಮುಂದಿನ ಮದಿವಿಗಿ ನಾ ಕಲ್ಲೇ ಉಟ್ಕೊಂಡು ಬರ್ತೀನಿ ತಗೋರಿ," ಎಂದಳು ಕಾಕಿ.

ಆ ಮಾತು ನಾಟಿತು. ಅಂದಿನಿಂದ ಕಾಕ ಫೋನಿನಲ್ಲಿ ನೀರಿನ ವೈರಿಗಳನ್ನು ಹುಡುಕತೊಡಗಿದ. ಕಡೆಗೊಂದು ದಿನ ಪಾರ್ಸಲ್ ಬಂತು. ಒಳಗೆ ಪೇಢೆಯಷ್ಟು ಗಾತ್ರದ ಬಿಳಿ ಬಿಲ್ಲೆಗಳು. ನೆಲದ ಮೇಲಿಟ್ಟರೆ ಸಾಕು, ಒಂದು ಹನಿ ನೀರು ತಗುಲಿದರೂ ಕಿರುಚಿಕೊಳ್ಳುತ್ತವೆ. ಅಷ್ಟೇ ಅಲ್ಲ, ಕಾಕ ಎಲ್ಲೇ ಇರಲಿ, ಯಾವ ಕೋಣೆಯಲ್ಲಿ ನೀರು ಎಂದು ಅವನ ಫೋನಿಗೂ ಸುದ್ದಿ ಮುಟ್ಟಿಸುತ್ತವೆ. ಮಶೀನಿನ ಹಿಂದೆ, ಸಿಂಕಿನ ಕೆಳಗೆ, ಫ್ರಿಜ್ಜಿನ ಅಡಿಗೆ, ಬಚ್ಚಲ ಹೊಸ್ತಿಲಿಗೆ, ದೇವರ ಕೋಣೆಗೆ, ಹೀಗೆ ಎಲ್ಲೆಂದರಲ್ಲಿ ಕಾವಲು ಕೂತವು.

"ನೀರ್ ಕಂಡ್ರ ಒದರ್ತಾವಂತ. ಕಪ್ಪಿ ಅಲ್ದ ಮತ್ತೇನು?" ಎಂದು ಕಾಕಿ ಅವುಗಳಿಗೆ ನಾಮಕರಣ ಮಾಡಿಬಿಟ್ಟಳು.

ಒದರುವುದು ಆಕೆಗೆ ಕೇಳಿಸುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಕಾಕಿಗೆ ಬಹಳ ದಿನಗಳಿಂದ ಕಿವಿ ಮಂದ, ಈಗೀಗ ಪೂರ್ತಿ ಹೋಗಿದೆ. ಎದುರು ನಿಂತು ಮಾತಾಡಿದರೆ ತುಟಿ ನೋಡಿಯೇ ಎಲ್ಲವನ್ನೂ ತಿಳಿಯುತ್ತಾಳೆ, ನಾವು ಆಡದಿದ್ದದ್ದನ್ನೂ ತಿಳಿಯುತ್ತಾಳೆ! ಆದರೆ ಕಪ್ಪೆ ಕೂಗಿತು ಎಂಬುದು ಆಕೆಗೆ ಗೊತ್ತಾಗುತ್ತಿದ್ದದ್ದು ಕಾಕ ಧೋತರ ಎತ್ತಿಕೊಂಡು ಓಡುವುದನ್ನು ಕಂಡ ಮೇಲೆ.

ಒಂದು ಸೋಮವಾರ ಕಾಕ ಲಿಂಗಪೂಜೆಗೆ ಕೂತಿದ್ದ. ಹಣೆಯ ತುಂಬ ವಿಭೂತಿ, ಮುಚ್ಚಿದ ಕಣ್ಣು. ಅಭಿಷೇಕದ ನೀರಿನ ಒಂದು ಹನಿ ತಟ್ಟೆಯಂಚಿನಿಂದ ಜಾರಿ ಕಪ್ಪೆಯ ಮೇಲೆ ಬಿತ್ತು. ಕಿರ್ರ್ರೆಂದು ಅದು ಕೂಗಿದ್ದೇ ತಡ, ಕಾಕ ಮಂತ್ರವನ್ನು ಅರ್ಧಕ್ಕೇ ಬಿಟ್ಟು "ಲೀಕ್! ಲೀಕ್!" ಎಂದು ಬಚ್ಚಲಿಗೆ ಓಡಿದ, ಅಲ್ಲಿಂದ ಅಡುಗೆಮನೆಗೆ ಓಡಿದ, ಮಾಳಿಗೆ ಹತ್ತಿ ಇಳಿದ. ಕಾಕಿ ಬಾಗಿಲಲ್ಲಿ ನಿಂತು ಕೇಳಿದಳು: "ದೇವರ ಜಳಕಕ್ಕೂ ಪಹರೆ ಹಾಕ್ಯೀರೇನ್ರಿ?"

ಇದು ಮನೆಯೊಳಗಿನ ಮಾತಾಯಿತು. ನಾರಾಯಣಖೇಡದ ಮದುವೆಯಲ್ಲಿ ನಡೆದದ್ದನ್ನು ಹೇಳಲೋ ಬೇಡವೋ? ಹೇಳಿಯೇಬಿಡುತ್ತೇನೆ! ಅದು ಕಾಕಿಯ ತಮ್ಮನ ಮಗಳ ಮದುವೆ. ಅಕ್ಷತೆ ಬಿದ್ದು ಊಟದ ಪಂಕ್ತಿ ಕೂತಿತ್ತು. ಕಾಕನ ಫೋನು ಕಿರುಚಿತು. ಅಡುಗೆಮನೆಯಲ್ಲಿ ನೀರು! ಕಾಕ ಪಂಕ್ತಿಯ ನಡುವೆಯೇ ನಿಂತು ತಾಂಡೂರಿನ ನೆರೆಮನೆಯವರಿಗೆ ಫೋನು ಹಚ್ಚಿ ಗಂಟಲು ಹರಿಯುವಂತೆ ಕೂಗಿದ: "ನೀರ್ ಬಂದ್ ಮಾಡ್ರಿ! ಬಾಕಿ ಎಲ್ಲಾ ಆಮ್ಯಾಲ, ಮೊದ್ಲು ನೀರ್ ಬಂದ್ ಮಾಡ್ರಿ!"

ನೀರು ಬಡಿಸುತ್ತಿದ್ದವರಿಗೆ ಇದು ಹಿರಿಯರ ಅಪ್ಪಣೆ ಅನ್ನಿಸಿತು. ಕೊಡಗಳನ್ನೆತ್ತಿಕೊಂಡು ಒಳಗೆ ಹೋಗಿಬಿಟ್ಟರು! ಎಲೆಯಲ್ಲಿ ಆಗಷ್ಟೇ ಹಸಿಮೆಣಸಿನಕಾಯಿ ಚಟ್ನಿ ಬಿದ್ದಿತ್ತು. ಬೊಮ್ರಾಸಪೇಟೆಯಿಂದ ಬಂದಿದ್ದ ಬೀಗರ ಹಿರಿಯರೊಬ್ಬರು ಬಾಯಿ ತೆರೆದುಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ ಸುತ್ತ ನೋಡಿದರು. ಇಡೀ ಪಂಕ್ತಿಯಲ್ಲಿ ಆಗ ಇದ್ದ ನೀರು ಅದೊಂದೇ.

ಅತ್ತ ನೆರೆಯವರು ಬೀಗ ತೆಗೆದು ನೋಡಿದರೆ, ಕರೆಂಟು ಹೋಗಿ ಫ್ರಿಜ್ಜಿನ ಬರ್ಫು ಕರಗಿತ್ತು. ನೆಲದ ಮೇಲೆ ಒಂದು ಚಮಚೆಯಷ್ಟು ನೀರು!

ಇಷ್ಟೆಲ್ಲ ಆಡಿಕೊಂಡ ಮೇಲೆ ನ್ಯಾಯವನ್ನೂ ಹೇಳಬೇಕು. ಒಮ್ಮೆ ಕಾಕಿ ಸಿಂಕಿಗೆ ಬೆನ್ನು ಮಾಡಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಸಿಂಕಿನ ಕೆಳಗಿನ ಪೈಪು ಕಳಚಿ ನೀರು ಭೋರೆಂದು ಹರಿಯುತ್ತಿದ್ದರೂ ಆಕೆಗೆ ಕೇಳಿಸಲಿಲ್ಲ. ಕಪ್ಪೆಯ ಸುದ್ದಿ ಫೋನಿಗೆ ಮುಟ್ಟಿದ್ದೇ ಕಾಕ ಅಂಗಡಿಯಿಂದ ಓಡಿಬಂದು ನಲ್ಲಿ ಬಂದ್ ಮಾಡಿದ. ವರ್ಷಕ್ಕಾಗುವ ತೊಗರಿಯ ಚೀಲಗಳಿಗೆ ನೀರು ಮುಟ್ಟಲು ಗೇಣು ಉಳಿದಿತ್ತು. ಕಾಕಿ ರೊಟ್ಟಿಹಿಟ್ಟಿನ ಕೈಯನ್ನು ಸೊಂಟಕ್ಕಿಟ್ಟುಕೊಂಡು ಒಪ್ಪಿಕೊಂಡಳು: "ಒಂದ್ ಕಪ್ಪಿ ಶಾಣ್ಯಾ ಅದ ಬಿಡ್ರಿ."

ಹೋದ ವರ್ಷ ಕಾಕನಿಗೆ ಹೊಟ್ಟೆನೋವು ಬಂತು. ಜೀವಮಾನವೆಲ್ಲ ಕಲ್ಲು ಮಾರಿದವನ ಮೂತ್ರಪಿಂಡದಲ್ಲೇ ಕಲ್ಲು! ದೊಡ್ಡದು, ಆಪರೇಷನ್ ಆಗಬೇಕೆಂದರು. ಹೈದರಾಬಾದಿನ ಆಸ್ಪತ್ರೆಯಲ್ಲಿ ಜೊತೆಗೆ ಒಬ್ಬರಿಗೇ ಅವಕಾಶ. ಡಾಕ್ಟರರ ಮಾತು ಕೇಳಿ ತಿಳಿಯುವವರೇ ಇರಲಿ ಎಂದು ಜಹೀರಾಬಾದಿನಿಂದ ನಾನು ಹೋದೆ. ಕಾಕಿ ತಾಂಡೂರಿನಲ್ಲೇ ಉಳಿದಳು.

ಕಾಕ ಡಾಕ್ಟರರಿಗೆ "ಪಾಲಿಶ್ ಆಗಿದ್ದದ ಏನ್ರಿ, ಕಚ್ಚಾ ಅದ?" ಎಂದು ಕೇಳಿ ನಗಿಸಿದ. ಆದರೆ ಅವರು ಆಚೆ ಹೋದ ಮೇಲೆ ಗೋಡೆ ನೋಡುತ್ತಾ ಮಲಗಿದ. ಅವನ ಸಮಾಧಾನಕ್ಕೆಂದು ನಾನು ಕಾಕಿಗೆ ವಿಡಿಯೋ ಕಾಲ್ ಮಾಡಿದೆ. ಆಕೆ ಹಳೆಯ ರೂಢಿಯಂತೆ ಫೋನನ್ನು ಕಿವಿಗೆ ಹಿಡಿದಳು. ಪರದೆಯ ತುಂಬ ಒಂದು ಕಿವಿ, ಒಂದು ಬೆಂಡೋಲೆ! "ಏನೂ ಕಾಣಂಗಿಲ್ಲ, ಏನೂ ಕೇಳಂಗಿಲ್ಲ," ಎಂದು ಬೈದು ಇಟ್ಟುಬಿಟ್ಟಳು.

ಮರುದಿನ ಬೆಳಿಗ್ಗೆ ಕಾಕನ ಫೋನು ಕಿರುಚಿತು. ಅಡುಗೆಮನೆಯಲ್ಲಿ ನೀರು. ನಾನು ಗಾಬರಿಯಾಗಿ ನೆರೆಯವರ ನಂಬರು ಹುಡುಕತೊಡಗಿದರೆ ಕಾಕ ಕೈ ಹಿಡಿದ.

"ಬ್ಯಾಡ ಬೇಟಾ. ಅದು ಲೀಕ್ ಅಲ್ಲ."

"ಮತ್ತೇನು?"

"ನಿಮ್ಮ ಕಾಕಿ. ಎದ್ದಾಳ." ಅವನ ಮುಖ ಸಡಿಲಾಗಿತ್ತು. "ನಾ ಹೊರಡೋ ಮುಂದ ಅಕೀನೇ ಹೇಳ್ಯಾಳ. 'ಫೋನಿನ್ಯಾಗ ನಿಮ್ಮ ದನಿ ನನಗ ಸಿಗಂಗಿಲ್ಲ. ಕಪ್ಪಿ ಮ್ಯಾಲ ಒಂದ್ ಹನಿ ಹಾಕ್ತೀನಿ, ಒದರಿದ್ರ ನಾ ಛಲೋ ಇದ್ದೀನಿ ಅಂತ ತಿಳ್ಕೋರಿ' ಅಂತ."

"ನೀನು ಛಲೋ ಇದ್ದೀ ಅಂತ ಆಕೆಗೆ ಹೆಂಗ ಗೊತ್ತಾಗ್ತದ?"

ಕಾಕ ಫೋನಿನ ಮೇಲೆ ಒಂದು ಗುಂಡಿ ತೋರಿಸಿದ. ಕಪ್ಪೆ ಕೂಗುವಾಗ ಅದರ ನೆತ್ತಿಯ ಮೇಲೆ ಕೆಂಪು ದೀಪ ಮಿನುಗುತ್ತದಂತೆ. ಇಲ್ಲಿಂದ ಇದನ್ನು ಒತ್ತಿದರೆ ಅಲ್ಲಿ ದೀಪ ಆರುತ್ತದೆ. "ಅಕಿ ಅಲ್ಲೇ ನೋಡ್ಕೋತ ಕುಂತಿರ್ತಾಳ," ಎಂದು ಗುಂಡಿ ಒತ್ತಿದ.

ಆಮೇಲೆ ಅವನನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ದರು. ಫೋನು ನನ್ನ ಕೈಯಲ್ಲಿತ್ತು. ಸ್ವಲ್ಪ ಹೊತ್ತಿಗೇ ಅದು ಕೂಗಿತು, ನಿಂತಿತು, ಮತ್ತೆ ಕೂಗಿತು. ಅಲ್ಲಿ ಕಾಕಿ ಹನಿ ಒರೆಸಿ ಮತ್ತೆ ಹಾಕುತ್ತಿರಬೇಕು. ವರಾಂಡದಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು. ನಾನು ಗುಂಡಿ ಒತ್ತಲಿಲ್ಲ. ಒತ್ತಲು ನನ್ನ ಬಳಿ ಇನ್ನೂ ಸುದ್ದಿ ಇರಲಿಲ್ಲ.

ಸಂಜೆಗೆ ಹಾಸಿಗೆಗೆ ತಂದು ಮಲಗಿಸಿದಾಗ ಕಾಕನ ಕಣ್ಣು ಪೂರ್ತಿ ತೆರೆದಿರಲಿಲ್ಲ. ನಾಲಿಗೆ ತೊದಲುತ್ತಿತ್ತು. ಎಲ್ಲ ಸರಿಯಾಗಿದೆ ಎಂದು ಡಾಕ್ಟರರು ಹೇಳಿದ್ದು ಅವನಿಗೆ ಕೇಳಿಸಿತೋ ಇಲ್ಲವೋ. ಫೋನು ಇನ್ನೊಮ್ಮೆ ಕೂಗಿತು. ಅವನ ಬೆರಳುಗಳು ಹೊದಿಕೆಯ ಮೇಲೆ ತಡಕಾಡಿದವು. ನಾನು ಫೋನನ್ನು ಅವನ ಅಂಗೈಗೆ ಇಟ್ಟು, ಹೆಬ್ಬೆರಳನ್ನು ಗುಂಡಿಯ ಬಳಿ ತಂದೆ.

ಒತ್ತಿದ್ದು ಮಾತ್ರ ಅವನೇ.